ಉಪ್ಪು ಮಾತ್ರ ಹಾಕಿದ ಚಹಾ ಎಲೆ

ಲೋಯ್ ಖಾಮ್
ಹನ್ನೆರಡನೆಯ ತಿಂಗಳು, ಹುಣ್ಣಿಮೆ ಕಳೆದ ಐದನೆಯ ದಿನ

ಪ್ರೀತಿಯ ಸೆಂಗ್‌ಳ ಅಪ್ಪನಿಗೆ,

ನಿಮ್ಮ ಓನ್ ಮಾಡುವ ನಮಸ್ಕಾರಗಳು. ಸೊಂಟ ಈಗ ಹೇಗಿದೆ? ಕಿತ್ತಳೆ ತೋಟದಲ್ಲಿ ಏಣಿ ಜಾರಿ ಬಿದ್ದಿರಂತೆ, ಹೇಸರಗತ್ತೆಯ ವ್ಯಾಪಾರಿ ಪಾನ್ ಮಾವ ಗಡಿ ದಾಟಿ ಬಂದ ಕೂಡಲೇ ಹೇಳಿದರು. ಉಳುಕಿದರೆ ಮುರಿಯಿತು ಎನ್ನುವುದು, ಮುರಿದರೆ ಮನುಷ್ಯನೇ ಹೋಗಿಬಿಟ್ಟ ಎನ್ನುವುದು ಅವರ ಅಭ್ಯಾಸ. ಹಾಗಾಗಿ ನಾನು ಅರ್ಧ ಮಾತ್ರ ನಂಬಿದೆ. ಆ ಅರ್ಧಕ್ಕೇ ಎರಡು ದಿನ ಅನ್ನ ಸೇರಲಿಲ್ಲ ಎನ್ನುವುದು ಬೇರೆ ಮಾತು. ಕಾಡುಶುಂಠಿ ಹಾಕಿ ಎಳ್ಳೆಣ್ಣೆ ಕಾಯಿಸಿ ಕಳಿಸೋಣವೆಂದರೆ ಮನೆಯ ಎಣ್ಣೆಯ ಜಾಡಿಯೇ ಕಾಣೆಯಾಗಿದೆ. ಅದೂ ಒಂದು ಕಥೆ, ಮುಂದೆ ಬರುತ್ತದೆ. ಸದ್ಯಕ್ಕೆ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾವು ಕೊಟ್ಟುಕೊಳ್ಳಿ. ಈ ವಯಸ್ಸಿನಲ್ಲಿ ಮರದ ತುದಿಯ ಹಣ್ಣು ಕೀಳುವ ಶೂರತನ ಬೇಡ, ಕೆಳಗಿನ ಕೊಂಬೆಯದೇ ಸಾಕು ಎಂದು ತೋಟದ ಯಜಮಾನರಿಗೆ ನಾನು ಹೇಳಿದೆನೆಂದು ಹೇಳಿ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಕಣ್ಣಿನ ಪೊರೆ ಇನ್ನಷ್ಟು ಬೆಳೆದಿದೆ. ಕಿವಿಯಂತೂ ಅವರಿಗೆ ಬೇಕಾದಾಗ ಮಾತ್ರ ಕೇಳುತ್ತದೆ. ಪಕ್ಕದ ಮನೆಯಲ್ಲಿ ಹಂದಿಯ ಕೊಬ್ಬು ಕರಗಿಸುವ ಚುಯ್ ಎಂಬ ಸದ್ದು ಕೇಳಿಸುತ್ತದೆ, ನಾನು ನೀರು ತನ್ನಿ ಎಂದದ್ದು ಕೇಳಿಸುವುದಿಲ್ಲ. ನಿಮ್ಮಮ್ಮನನ್ನು ಆಡಿಕೊಳ್ಳುತ್ತಿದ್ದೇನೆ ಎಂದು ಮುಖ ಊದಿಸಿಕೊಳ್ಳಬೇಡಿ. ಈ ಕಾಗದ ಓದಿ ಮುಗಿಸುವಷ್ಟರಲ್ಲಿ ನಾನು ಅವರ ಕಾಲು ತೊಳೆದ ನೀರು ಕುಡಿಯಲೂ ಸಿದ್ಧಳಿದ್ದೇನೆ ಎಂದು ನಿಮಗೇ ತಿಳಿಯುತ್ತದೆ. ಸೆಂಗ್ ನನಗಿಂತ ಎತ್ತರ ಬೆಳೆದಿದ್ದಾಳೆ. ನಡೆಯುವಾಗ ಎಡಭುಜ ಸ್ವಲ್ಪ ಮುಂದೆ ಹಾಕುತ್ತಾಳೆ, ಥೇಟ್ ನೀವೇ. ನೀವು ಹೋದಾಗ ಅವಳು ತೊಟ್ಟಿಲಲ್ಲಿದ್ದಳು. ನಿಮ್ಮ ನಡಿಗೆಯನ್ನು ಅವಳು ಎಲ್ಲಿ ನೋಡಿದಳೋ ದೇವರೇ ಬಲ್ಲ.

ಈಗ ಸುದ್ದಿ. ನಿಂತಿದ್ದರೆ ಕುಳಿತುಕೊಳ್ಳಿ. ದಳಪತಿಗಳು ನಮ್ಮ ಮನೆಗೆ ಬಂದಿದ್ದರು.

ಹೆದರಬೇಡಿ, ಎಲ್ಲರೂ ಕ್ಷೇಮ ಎಂದು ಮೊದಲೇ ಬರೆದೆನಲ್ಲ. ಅವರು ಬರುತ್ತಾರೆಂದು ಗೊತ್ತಾದ ದಿನವೇ ಸೆಂಗ್‌ಳನ್ನು ಕೂರಿಸಿಕೊಂಡು ಪೂರ್ತಿ ಕಥೆ ಹೇಳಿದೆ. ಬೀದಿಯಲ್ಲಿ ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ ಎನಿಸಿತು. ಸರಿಯಾಗಿ ಹೇಳಿದ್ದೇನೆಯೇ ನೋಡಿ. ನಿನ್ನಪ್ಪ ದಳಪತಿಗಳ ಸೈನ್ಯದಲ್ಲಿ ಒಂದು ತುಕಡಿಯ ಮುಖ್ಯಸ್ಥರಾಗಿದ್ದರು. ಹೊಳೆಯಾಚೆಯ ಹೋನಾಮ್ ಊರಿನವರು ವೈರಿಗಳಿಗೆ ಅನ್ನ ಹಾಕಿದರೆಂದು ದಳಪತಿಗಳಿಗೆ ಕೋಪ ಬಂತು, ಊರು ಸುಟ್ಟು ಬಾ ಎಂದು ಆಜ್ಞೆಯಾಯಿತು. ನಿನ್ನಪ್ಪ ಹೋದರು. ಅಲ್ಲಿ ಬಾಣಂತಿಯರು, ಮುದುಕರು, ಆಗಷ್ಟೇ ಕೊಯ್ದು ಹಬೆಯಲ್ಲಿ ಬೇಯಿಸಿ, ಹುಳಿ ಬರಿಸಿ ತಿನ್ನಲೆಂದು ಗುಂಡಿಗೆ ತುಂಬಲು ಇಟ್ಟಿದ್ದ ಚಹಾ ಎಲೆ. ಊರಾಚೆ ಹಸಿ ಹುಲ್ಲಿನ ಬಣವೆ ಹಾಕಿ ಬೆಂಕಿ ಕೊಟ್ಟು, ಈ ಗುಡ್ಡದಿಂದ ನೋಡಿದವರಿಗೆ ಊರೇ ಉರಿಯುತ್ತಿದೆ ಎನ್ನುವಷ್ಟು ಹೊಗೆ ಎಬ್ಬಿಸಿ, ಸುಟ್ಟಾಯಿತು ಎಂದು ವರದಿ ಕೊಟ್ಟರು. ಮುಂದಿನ ಸಂತೆಗೆ ಹೋನಾಮ್‌ನ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ನಗುನಗುತ್ತಾ ಬಂದುಬಿಟ್ಟರು. ಸುಟ್ಟ ಊರಿನವರು ಸಂತೆಗೆ ಬರಬಾರದು ಎಂದು ಅವರಿಗೆ ಹೇಳುವುದನ್ನೇ ನಿನ್ನಪ್ಪ ಮರೆತಿದ್ದರು. ಇಷ್ಟು ಹೇಳುವಷ್ಟರಲ್ಲಿ ಹುಡುಗಿ ಬಿದ್ದೂ ಬಿದ್ದೂ ನಕ್ಕಳು, ಆಮೇಲೆ ಅತ್ತಳು. ಆಜ್ಞೆ ಮೀರಿದವನು ತನ್ನ ಹೊಸಿಲನ್ನು ಮತ್ತೆ ನೋಡಬಾರದು ಎಂದು ದಳಪತಿಗಳು ಸಾರಿಸಿದ್ದು, ನೀವು ಬೆಳಗಿನ ಜಾವ ಗಡಿ ದಾಟಿದ್ದು ಹೇಳಿದೆ. ನನ್ನನ್ನು ಎಬ್ಬಿಸದೆ ಹೋದದ್ದನ್ನು ಮಾತ್ರ ಹೇಳಲಿಲ್ಲ. ಅದು ನಮ್ಮಿಬ್ಬರ ವಿಷಯ.

ದಳಪತಿಗಳ ಮಾತು ಈಗ ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲ. ನೀವಿದ್ದಾಗ ಅವರು ಹೊಸ ವರ್ಷದ ಕವಾಯತಿನಲ್ಲಿ ಮಾತ್ರ ಭಾಷಣ ಮಾಡುತ್ತಿದ್ದರು. ಆಮೇಲೆ ಅದನ್ನೆಲ್ಲ ಕ್ಯಾಸೆಟ್ ಮಾಡಿಸಿದರು. ಪ್ರತಿ ಸಂತೆಯ ದಿನ ಆಲದ ಮರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಹಾಕುತ್ತಾರೆ. ಮೊದಲ ಬದಿ ಅಧಿಕಾರ, ಎರಡನೆಯ ಬದಿ ಯುದ್ಧ ಮತ್ತು ನಾಯಕತ್ವ. ಊರಿನ ಹೆಂಗಸರಿಗೆಲ್ಲ ಬಾಯಿಪಾಠವಾಗಿದೆ. “ಅಧಿಕಾರಾನ ಹಂಚ್ಕೊಂಡ್ರೆ ಅದು ಅಧಿಕಾರ ಅಲ್ಲ, ಹಬ್ಬದೂಟ” ಎನ್ನುವುದು ಬಂದಾಗ ಸೋಯಾ ಬಿಲ್ಲೆ ಮಾರುವವಳು ತೂಕ ಹಾಕುತ್ತಾ ತುಟಿ ಆಡಿಸುತ್ತಾಳೆ. “ಸೈನಿಕ ವೈರಿಗಿಂತ ನನಗೆ ಜಾಸ್ತಿ ಹೆದರ್ಬೇಕು. ಆಗ್ಲೇ ಅವ್ನು ಮುಂದಕ್ಕೆ ಓಡೋದು” ಎಂದ ಮೇಲೆ ಒಂದು ಕೆಮ್ಮು ಬರುತ್ತದೆ. ಆ ಕೆಮ್ಮನ್ನೂ ಮಕ್ಕಳು ಕೆಮ್ಮುತ್ತಾರೆ. ಕೊನೆಯದು, “ನಾಯಕ ಆದವ್ನು ಎಲ್ಲರಿಗಿಂತ ಮೊದ್ಲು ಏಳ್ಬೇಕು, ಎಲ್ಲರೂ ಉಂಡ ಮೇಲೆ ಉಣ್ಬೇಕು. ಕ್ಷಮೆ ಮಾತ್ರ ಯಾವತ್ತೂ ಕೇಳ್ಬಾರ್ದು.” ಸೆಲ್ ಸೋತಾಗ ಇದೇ ಮಾತು ಕೋಣ ಕೂಗಿದ ಹಾಗೆ ಎಳೆಯುತ್ತದೆ. ಸಂತೆಯಲ್ಲಿ ಯಾರೂ ನಗುವುದಿಲ್ಲ, ಮನೆಗೆ ಬಂದು ನಗುತ್ತೇವೆ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಮಳೆಗಾಲದಲ್ಲಿ ಅಕ್ಕಿ ಇಲ್ಲದಾಗ ಅವರು ನಿಜವಾಗಿಯೂ ಕೊನೆಗೇ ಉಣ್ಣುತ್ತಿದ್ದರು, ಒಂದೊಂದು ದಿನ ಪಾತ್ರೆ ಕೆರೆದ ಸೀಕಲು ಮಾತ್ರ ಸಿಗುತ್ತಿತ್ತು ಎಂದು ನೀವೇ ಹೇಳಿದ್ದಿರಿ. ನಾನು ಅದನ್ನು ಮರೆತಿಲ್ಲ.

ಇನ್ನೊಂದು ವಿಷಯ ನಿಮಗೆ ನೆನಪಿರಬೇಕು. ನ್ಯಾಯ ತೀರ್ಮಾನವಾದ ಮೇಲೆ ಎರಡೂ ಕಡೆಯವರು ಹಿರಿಯರ ಎದುರು ಒಂದೇ ತಟ್ಟೆಯಿಂದ ಚಹಾ ಎಲೆ ತಿನ್ನಬೇಕು, ತಿಂದಮೇಲೆ ಆ ವಿಷಯ ಎತ್ತಬಾರದು. ಅಜ್ಜಂದಿರ ಕಾಲದ ಈ ಪದ್ಧತಿಯನ್ನು ದಳಪತಿಗಳು ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದಾರೆ. ಹೊಲದ ಗಡಿಯಿರಲಿ, ಹೆಂಡತಿಯನ್ನು ಬಿಟ್ಟದ್ದಿರಲಿ, ತಿನ್ನಿಸಿಯೇ ಕಳಿಸುತ್ತಾರೆ. ಆದರೆ ಅವರದೇ ತಂಟೆಯಿದ್ದಾಗ ಮಾತ್ರ ತಟ್ಟೆಯನ್ನು ಎದುರಿನವನ ಕಡೆ ತಳ್ಳುತ್ತಾರೆ. ತಾವು ಮುಟ್ಟುವುದಿಲ್ಲ. “ದಳಪತಿಗೆ ಯಾರ ಜೊತೇಲೂ ವ್ಯಾಜ್ಯ ಇರಲ್ಲ. ಇರೋದು ಆಜ್ಞೆ ಒಂದೇ” ಎನ್ನುತ್ತಾರೆ, ಕ್ಯಾಸೆಟ್ಟಿನಲ್ಲೂ ಅದಿದೆ. ತಿಂದರೆ ಇಬ್ಬರೂ ಸಮ ಎಂದಾಗುತ್ತದಲ್ಲ, ಅದು ಅವರಿಗೆ ಆಗದು. ಇಷ್ಟು ವರ್ಷಗಳಲ್ಲಿ ದಳಪತಿಗಳು ವ್ಯಾಜ್ಯದ ಎಲೆ ತಿಂದದ್ದನ್ನು ಕಂಡವರೇ ಇರಲಿಲ್ಲ.

ಅವರು ಬಂದದ್ದು ನಮ್ಮನ್ನು ನೋಡಲಿಕ್ಕಲ್ಲ. ಕೆಳನಾಡಿನ ಸರ್ಕಾರದೊಂದಿಗೆ ಕದನ ನಿಲ್ಲಿಸುವ ಮಾತುಕತೆ ನಡೆಯುತ್ತಿದೆ, ಅದಕ್ಕೆ ಊರೂರಿನ ಹಿರಿಯರ ಒಪ್ಪಿಗೆ ಬೇಕಂತೆ. ನಮ್ಮೂರಿನ ಸಭೆ ವಿಹಾರದ ಜಗುಲಿಯಲ್ಲಿ ಆಗಬೇಕಿತ್ತು, ಅಲ್ಲಿ ತಗಡು ಬಿಚ್ಚಿ ಹೊಸ ಮಾಡು ಹಾಕುತ್ತಿದ್ದಾರೆ. ಪಕ್ಕದಲ್ಲಿ ದೊಡ್ಡ ನಡುಮನೆ ಇರುವುದು ನಮ್ಮದೇ. ಊರ ಹಿರಿಯರಾದ ಲುಂಗ್ ಸಾಮ್ ಬಂದು ಬಾಗಿಲಲ್ಲಿ ನಿಂತು, “ತಾಯೀ, ಬೇರೆ ಜಾಗ ಇಲ್ಲ. ನಿನ್ನ ಮನೇಲಿ ಅಂತ ಕೇಳೋಕೆ ನನಗೂ ನಾಚಿಕೆ, ಏನ್ ಮಾಡ್ಲಿ?” ಎಂದರು. ನನಗೆ ಬಾಗಿಲು ಹಾಕಿಕೊಳ್ಳೋಣ ಎನಿಸಿತು. ಅತ್ತೆ ಮಾತ್ರ, “ಬರ್ಲಿ ಬಿಡು. ಮೇಲಿನ ಬೀದಿಯ ಹುಡುಗ ತಾನೇ, ಸಿಂಬಳ ಒರೆಸಿದ್ದೀನಿ” ಎಂದು ಮತ್ತೆ ಜಪಮಣಿ ಹಿಡಿದರು. ಬೇಡದಾಗ ಕೇಳದ ಕಿವಿಗೆ ಅದು ಮಾತ್ರ ಸರಿಯಾಗಿ ಕೇಳಿತ್ತು.

ಹೇಸರಗತ್ತೆಯಿಂದ ದಳಪತಿಗಳನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ನೀವು ನೋಡಿದ್ದ ಆಳು ಅಲ್ಲ ಈಗ. ಮೀಸೆ ಬಿಳುಪಾಗಿದೆ, ಮುಂದಿನ ಹಲ್ಲಿಲ್ಲ, ಮಂಡಿ ಊದಿ ಬೂಟಿನ ದಾರ ಸಡಿಲಿಸಿಕೊಂಡಿದ್ದಾರೆ. ಕ್ಯಾಸೆಟ್ಟಿನ ಆ ಕೆಮ್ಮು ಈಗ ಮಾತಿಗೊಮ್ಮೆ ಬರುತ್ತದೆ. ನಡುಮನೆಯ ಕಂಬಕ್ಕೆ ಒರಗಿ ಕುಳಿತು ಹಿರಿಯರಿಗೆ ಹೇಳತೊಡಗಿದರು. ನಾನು ಅಡುಗೆಮನೆಯ ತಟ್ಟಿಯ ಹಿಂದೆ ನಿಂತು ಕೇಳುತ್ತಿದ್ದೆ, ಕ್ಯಾಸೆಟ್ಟಿನ ಮಾತೇ ಬರುತ್ತದೆ ಎಂದುಕೊಂಡು. ಬರಲಿಲ್ಲ. “ಯುದ್ಧ ಶುರು ಮಾಡುವಾಗ ನಾನು ಯಾರನ್ನೂ ಕೇಳ್ಲಿಲ್ಲ. ನಿಲ್ಲಿಸ್ತೀನಿ ಅಂತ ಹೊರಟ್ರೆ ಊರೂರು ತಿರುಗಿ ಕೇಳ್ಬೇಕಾಗಿದೆ, ಈ ಮಂಡಿ ಇಟ್ಕೊಂಡು” ಎಂದರು. ಲುಂಗ್ ಸಾಮ್ ಧೈರ್ಯ ಮಾಡಿ, ಹಾಗಾದರೆ ಕ್ಯಾಸೆಟ್ಟಿನಲ್ಲಿ ಹೇಳಿದ್ದು ತಪ್ಪೇ ಎಂದರು. “ತಪ್ಪಲ್ಲ. ಹೆದರಿಸಿದ್ರೆ ಜನ ಓಡ್ತಾರೆ, ಅದು ನಿಜ. ಆದ್ರೆ ಓಡಿದವ್ರು ಎಲ್ಲಿ ನಿಲ್ತಾರೆ ಅನ್ನೋದು ನಮ್ಮ ಕೈಲಿರಲ್ಲ. ಅದನ್ನ ಕ್ಯಾಸೆಟ್ಟಲ್ಲಿ ಹೇಳಿಲ್ಲ, ಆಗ ಗೊತ್ತಿರ್ಲಿಲ್ಲ” ಎಂದು ದಳಪತಿಗಳು ಕೆಮ್ಮಿದರು. ಹೆಚ್ಚು ಜನ ಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ಇಲ್ಲ ಎನ್ನುವ ಒಬ್ಬ ಪಕ್ಕದಲ್ಲಿರಬೇಕು, ಅಂಥವರನ್ನೆಲ್ಲ ತಾನೇ ಓಡಿಸಿಬಿಟ್ಟೆ ಎಂದೂ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ. ನನಗೆ ಮಾತ್ರ ನಿಮ್ಮ ಹೆಸರೇ ಕೇಳಿಸಿತು.

ಅಷ್ಟರಲ್ಲಿ ಲುಂಗ್ ಸಾಮ್ ಒಳಗೆ ಕತ್ತು ಹಾಕಿ, ಏನಾದರೂ ಇಡಮ್ಮ ಎಂದು ಕೈಸನ್ನೆ ಮಾಡಿದರು. ನೆಂಟರಿಗೆ ಎಲೆ ಕಲೆಸುವುದು ನನಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಎಲೆಗೆ ಎಳ್ಳೆಣ್ಣೆ, ಕರಿದ ಬೆಳ್ಳುಳ್ಳಿ, ಹುರಿದ ಕಾಳು, ಎಳ್ಳು. ಕೈ ಹಾಕಿದರೆ ಎಣ್ಣೆಯ ಜಾಡಿ ಇಲ್ಲ. ಬೆಳ್ಳುಳ್ಳಿಯ ಡಬ್ಬಿ ಇಲ್ಲ. ಕಾಳು ಇಲ್ಲ. ಬೆಳಿಗ್ಗೆ ನಾನೇ ಸಾಲಾಗಿ ಜೋಡಿಸಿಟ್ಟಿದ್ದೆ. ಒಲೆಯ ಹಿಂದೆ ನೋಡಿದೆ, ಅಕ್ಕಿಯ ಮಡಕೆಯೊಳಗೆ ನೋಡಿದೆ. ಹೊರಗೆ ಎಲ್ಲರೂ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಎಲೆಯನ್ನು ಹಾಗೇ ತಟ್ಟೆಗೆ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ, ತೆಗೆದುಕೊಂಡು ಹೋಗಿ ದಳಪತಿಗಳ ಮುಂದೆ ಇಟ್ಟುಬಿಟ್ಟೆ. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ತಲೆಗೆ ಹೊಳೆಯಿತು. ಉಪ್ಪು ಮಾತ್ರ ಹಾಕಿದ ಬರೀ ಎಲೆಯನ್ನು ನಮ್ಮಲ್ಲಿ ನೆಂಟರಿಗೆ ಇಡುತ್ತಾರೆಯೇ? ಅದು ವ್ಯಾಜ್ಯದ ಎಲೆ!

ಹಿರಿಯರ ಮುಖ ನೀವು ನೋಡಬೇಕಿತ್ತು. ಲುಂಗ್ ಸಾಮ್ ಚುಟ್ಟಾ ಬಾಯಿಗೆ ಇಡಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ. ಬಾಗಿಲ ಬಳಿ ಬಂದೂಕು ಹಿಡಿದಿದ್ದವನೂ ಕತ್ತು ಉದ್ದ ಮಾಡಿದ. ನಾನು ಮುಗಿಯಿತು ಎಂದುಕೊಂಡೆ. ಗಂಡ ಹೊಗೆ ತೋರಿಸಿ ಮೋಸ ಮಾಡಿದ, ಹೆಂಡತಿ ತಟ್ಟೆ ಇಟ್ಟು ಅವಮಾನ ಮಾಡಿದಳು ಎನ್ನುತ್ತಾರೆ, ಸೆಂಗ್‌ಳನ್ನು ಹಿತ್ತಲ ಬಾಗಿಲಿನಿಂದ ಯಾರ ಮನೆಗೆ ಕಳಿಸಲಿ ಎಂದು ಯೋಚಿಸುತ್ತಿದ್ದೆ. ದಳಪತಿಗಳು ತಟ್ಟೆ ನೋಡಿದರು, ನನ್ನನ್ನು ನೋಡಿದರು. “ಇದು ಯಾವ ವ್ಯಾಜ್ಯದ್ದು?” ಎಂದರು.

ಆಗ ಮೂಲೆಯಿಂದ ಅತ್ತೆ ತಡವರಿಸುತ್ತಾ ಬಂದು ಅವರೆದುರು ಕುಕ್ಕರಿಸಿದರು. ತಟ್ಟೆಗೆ ಕೈ ಹಾಕಿ ಒಂದು ಚಿಟಿಕೆ ಎಲೆ ಬಾಯಿಗಿಟ್ಟು ನಿಧಾನವಾಗಿ ಅಗಿದರು. “ಯಾವ್ದೂ ಅಲ್ಲ ಮಗಾ. ನಿನಗೆ ಯಾರ ಜೊತೇಲೂ ವ್ಯಾಜ್ಯ ಇಲ್ಲ ಅಂತ ನೀನೇ ಸಾರಿಸಿದ್ದೀಯಲ್ಲ, ಮರದ ಮೇಲಿಂದ ಸಂತೆ ಸಂತೆಗೂ ಕೂಗ್ತೀಯ. ವ್ಯಾಜ್ಯ ಇಲ್ದಿದ್ರೆ ಇದು ಬರೀ ಎಲೆ, ತಿನ್ನು. ತಿನ್ನೋಕೆ ಅಂಜಿದ್ರೆ ಇದೆ ಅಂತಾಯ್ತು. ಇದ್ರೆ ಹೇಳು, ನಾನು ಅವನ ತಾಯಿ, ನನ್ನ ಪಾಲು ತಿಂದಾಯ್ತು. ಹಲ್ಲಿಲ್ಲ ಅಂತ ನೋಡ್ಬೇಡ, ನನಗೂ ಇಲ್ಲ. ಎಲೆ ಮೆತ್ತಗಿದೆ.” ಹೀಗೆ ಒಂದೇ ಉಸಿರಿಗೆ ಹೇಳಿ, ತಟ್ಟೆಯನ್ನು ದಳಪತಿಗಳು ಯಾವಾಗಲೂ ತಳ್ಳುವ ಹಾಗೆಯೇ ಅವರ ಕಡೆ ತಳ್ಳಿದರು.

ದಳಪತಿಗಳ ಮುಖ ಮೊದಲು ಕೆಂಪಾಯಿತು, ಆಮೇಲೆ ಅದು ಹೇಗೋ ಸಡಿಲವಾಯಿತು. “ದೊಡ್ಡಮ್ಮ, ನಿನ್ನಂಥವಳು ನನ್ನ ಸೈನ್ಯದಲ್ಲಿದ್ದಿದ್ರೆ ಕೆಳನಾಡು ಯಾವತ್ತೋ ನಂದಾಗ್ತಿತ್ತು” ಎಂದರು. ಎಲೆಯನ್ನು ಬೆರಳಲ್ಲಿ ತಿರುವುತ್ತಾ, ಇದು ಎಲ್ಲಿಯದು ಎಂದು ಕೇಳಿದರು. ನನಗೆ ಆಗ ಎಲ್ಲಿಂದಲೋ ಧೈರ್ಯ ಬಂತು. ಹೋನಾಮ್‌ನದು ಎಂದೆ. ಪ್ರತಿ ಕೊಯ್ಲಿಗೂ ಒಂದು ಬುಟ್ಟಿ ನಮ್ಮ ಹೊಸಿಲ ಮೇಲೆ ಇರುತ್ತದೆ, ಇಡುವವರನ್ನು ಇವತ್ತಿಗೂ ಕಂಡಿಲ್ಲ, ಬುಟ್ಟಿಯ ಹೆಣಿಗೆ ಮಾತ್ರ ಹೋನಾಮ್‌ನದೇ, ಆ ಎಲೆ ಮಾರಿಯೇ ಈ ಮಗುವನ್ನು ಬೆಳೆಸಿದೆ ಎಂದೆ. ದಳಪತಿಗಳು ತಮ್ಮ ಮಂಡಿ ಸವರಿಕೊಂಡರು. “ನಿನ್ನೆ ನಾನು ಆ ಊರಿನ ಮೇಲೇ ಬಂದೆ. ಮಾತುಕತೆಗೆ ಕೆಳನಾಡಿಗೆ ಇಳಿಯೋಕೆ ಅದೊಂದೇ ದಾರಿ. ಕಲ್ಲು ಬೀಳುತ್ತೆ ಅಂದ್ಕೊಂಡಿದ್ದೆ. ಅನ್ನ ಹಾಕಿದ್ರು, ಮಂಡಿಗೆ ಶಾಖ ಕೊಟ್ರು. ಅವನು ಅವತ್ತು ಸುಟ್ಟಿದ್ರೆ ನಂಗೆ ಇವತ್ತು ಇಳಿಯೋಕೆ ದಾರಿ ಇರ್ತಿರ್ಲಿಲ್ಲ” ಎಂದರು. ಕ್ಷಮೆ ಎನ್ನುವ ಪದ ಬಾಯಿಂದ ಬರಲಿಲ್ಲ, ಅದು ಬರುವುದೂ ಇಲ್ಲ. ಎಲೆ ಬಾಯಿಗೆ ಹಾಕಿಕೊಂಡರು. ಒಂದಲ್ಲ, ಎರಡು ಸಲ. ಹಲ್ಲಿಲ್ಲದ ಬಾಯಲ್ಲಿ ಅದು ಇಳಿಯುವವರೆಗೂ ಹಿರಿಯರು ಕಣ್ಣು ಮಿಟುಕಿಸದೆ ಕಾದರು.

ಅವರು ನುಂಗಿದ್ದೇ ತಡ, ಲುಂಗ್ ಸಾಮ್ ಎದ್ದು ನಿಂತು ಪದ್ಧತಿಯಂತೆ ಜೋರಾಗಿ, “ತಿಂದ್ರು, ಮುಗೀತು” ಎಂದು ಕೂಗಿಬಿಟ್ಟರು. ಹೊರಗೆ ನಿಂತಿದ್ದವರೂ ಕೂಗಿದರು. ಸೆಂಗ್ ನನ್ನ ಸೆರಗು ಹಿಡಿದುಕೊಂಡು, “ಅಂದ್ರೆ ಅಪ್ಪ ಬರ್ಬಹುದಾ?” ಎಂದು ಕೇಳಿದಳು. ದಳಪತಿಗಳೇ ಅವಳ ಕಡೆ ತಿರುಗಿ, “ಬರ್ಲಿ. ಬಂದ ಮೇಲೆ ನನ್ನ ಹತ್ರ ಕಳಿಸು, ಇಲ್ಲ ಅನ್ನೋಕೆ ಒಬ್ಬ ಬೇಕು” ಎಂದರು. ಅದು ಹಾಸ್ಯವೋ ಆಜ್ಞೆಯೋ ನನಗೆ ತಿಳಿಯಲಿಲ್ಲ. ಹೋಗಬೇಡಿ. ಹೋದರೂ ಉಂಡು ಹೋಗಿ.

ಅಂದಿನಿಂದ ಯಾರಿಗೆ ಕೈ ಮುಗಿಯಲಿ ಎಂದು ಗೊತ್ತಾಗದೆ ಕಂಡಕಂಡವರಿಗೆಲ್ಲ ಮುಗಿಯುತ್ತಿದ್ದೇನೆ. ಹೋನಾಮ್‌ನವರಿಗೆ, ಲುಂಗ್ ಸಾಮ್‌ಗೆ, ವಿಹಾರದ ತಗಡು ಬಿಚ್ಚಿದ ಬಡಗಿಗಳಿಗೆ. ದಳಪತಿಗಳಿಗೂ ಮುಗಿದೆ. ಸಿಟ್ಟು ಇನ್ನೂ ಇದೆ, ಇಷ್ಟು ವರ್ಷ ನನ್ನ ಹಾಸಿಗೆಯ ಒಂದು ಬದಿ ತಣ್ಣಗಿಟ್ಟ ಮನುಷ್ಯ. ಆದರೆ ಮುದಿ ವಯಸ್ಸಿನಲ್ಲಿ ಹತ್ತು ಜನರೆದುರು ತನ್ನ ಮಾತನ್ನು ತಾನೇ ನುಂಗುವುದು ಸುಲಭವಲ್ಲ, ನುಂಗಿದರು, ಆ ಋಣ ನನ್ನ ಮೇಲಿದೆ. ನಿಮಗೂ ಕೈ ಮುಗಿಯುತ್ತೇನೆ. ನೀವು ಹೊಗೆ ಹಾಕಿದ ದಿನ ಹೆಂಡತಿ ಮಗುವಿನ ನೆನಪಾಗಲಿಲ್ಲವೇ ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಬೈದಿದ್ದೇನೆ. ಈಗ ಹೇಳುತ್ತೇನೆ, ಸುಟ್ಟು ಬಂದಿದ್ದರೆ ನಾನು ನಿಮ್ಮ ತಟ್ಟೆಗೆ ಅನ್ನ ಬಡಿಸುತ್ತಿರಲಿಲ್ಲ. ತಡಮಾಡಬೇಡಿ. ದಳಪತಿಗಳ ಕೆಮ್ಮು ನನಗೆ ಸರಿ ಕಾಣಲಿಲ್ಲ. ಎಲೆ ತಿಂದವರು ಅವರು, ನಾಳೆ ಅವರ ಜಾಗಕ್ಕೆ ಬರುವವರು ತಿಂದಿಲ್ಲ. ಪಾನ್ ಮಾವನ ಹೇಸರಗತ್ತೆಗಳು ಹಿಂದಿರುಗುವಾಗ ಅವುಗಳ ಜೊತೆಗೇ ಹೊರಡಿ. ಸೊಂಟ ನೋವಾದರೆ ಒಂದರ ಮೇಲೆ ಕೂರಿಸಲು ಹೇಳಿದ್ದೇನೆ.

ಅತ್ತೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆಂದು ತಿಳಿಯಿರಿ. ಸೆಂಗ್ ನಮಸ್ಕಾರ ತಿಳಿಸಿದ್ದಾಳೆ, ಏನೆಂದು ಕರೆಯಬೇಕೋ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ. ಬುದ್ಧ ಭಗವಂತ ದಾರಿಯುದ್ದಕ್ಕೂ ಕಾಯಲಿ.

ನಿಮ್ಮ
ನಾಂಗ್ ಓನ್

ಮರೆತದ್ದು: ಪಾನ್ ಮಾವ ಹೊರಗೆ ಅವಸರ ಮಾಡುತ್ತಿದ್ದಾರೆ, ಎರಡೇ ಮಾತು. ಎಣ್ಣೆಯ ಜಾಡಿ ಕಾಗದ ಮುಗಿಸಿದ ಮೇಲೆ ಸಿಕ್ಕಿತು. ನಿಮ್ಮ ಉಣ್ಣೆಯ ಶಾಲು ತೆಗೆಯಲು ಬಗ್ಗಿದೆ, ಅತ್ತೆಯ ಮಂಚದ ಕೆಳಗೆ ಎಣ್ಣೆ, ಬೆಳ್ಳುಳ್ಳಿ, ಹುರಿದ ಕಾಳು ಎಲ್ಲ ಸಾಲಾಗಿ ಕುಳಿತಿವೆ. ಇದೇನತ್ತೆ ಎಂದು ಕೇಳಿದೆ. ಕಿವಿ ಕೇಳುವುದಿಲ್ಲವಂತೆ. ಎಣ್ಣೆ ಕಾಯಿಸಿ ಇದರ ಜೊತೆ ಕಳಿಸಿದ್ದೇನೆ, ಸೊಂಟಕ್ಕೆ ಹಚ್ಚಿಕೊಳ್ಳಿ. ಇನ್ನೊಂದು ಚಿಕ್ಕ ಪೊಟ್ಟಣವಿದೆ, ಬರೀ ಎಲೆ, ಒಂದು ಚಿಟಿಕೆ ಉಪ್ಪು. ಅದು ದಳಪತಿಗಳ ವ್ಯಾಜ್ಯದ್ದಲ್ಲ, ನಮ್ಮದು. ಎಬ್ಬಿಸದೆ ಹೋದಿರಲ್ಲ, ಅದರದು. ನನ್ನ ಪಾಲು ನಾನು ತಿಂದಾಯಿತು.